ಕಿವಿ ಮೊದಲು ಓದುತ್ತದೆ

ಹೋದ ದಸರಾ ರಜೆಯಲ್ಲಿ ಮಂಡ್ಯದ ಹತ್ತಿರದ ಅಕ್ಕನ ಊರಿಗೆ ಹೋಗಿದ್ದೆ. ಎರಡನೇ ತರಗತಿಯಲ್ಲಿ ಓದುವ ಮಗಳನ್ನು ಅಕ್ಕ ನನ್ನೆದುರು ಕೂರಿಸಿ, ‘ಚಿಕ್ಕಮ್ಮಂಗೆ ಓದಿ ತೋರ್ಸು ಪುಟ್ಟಿ’ ಎಂದಳು. ಪುಟ್ಟಿ ಪಾಠದ ಪುಟ ತೆರೆದು, ಸಾಲಿನ ಕೆಳಗೆ ಬೆರಳಿಟ್ಟು, ಎಲ್ಲೂ ತಡವರಿಸದೆ ಓದಿ ಮುಗಿಸಿದಳು. ಅಕ್ಕನ ಮುಖ ಅರಳಿತು. ನಾನು ಮಾತ್ರ ಬೆರಳನ್ನು ನೋಡುತ್ತಿದ್ದೆ. ಬೆರಳು ಮೂರನೇ ಸಾಲಿನಲ್ಲಿದ್ದಾಗ ಬಾಯಿ ಐದನೇ ಸಾಲಿನಲ್ಲಿತ್ತು.

ಸಂಜೆ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಅದೇ ಪಾಠದ ಏಳೆಂಟು ಪದಗಳನ್ನು ಹಿಂದುಮುಂದಾಗಿ ಬರೆದೆ. ‘ಮರ’ ಓದಿದಳು. ‘ಹಸು’ ಓದಿದಳು. ‘ಹಳ್ಳಿ’ ಎಂಬಲ್ಲಿ ನಿಂತಳು. ನೆಲ ಬಿಟ್ಟು ನನ್ನ ತುಟಿಯನ್ನೇ ನೋಡತೊಡಗಿದಳು, ಅಲ್ಲಿಂದ ಏನಾದರೂ ಸುಳಿವು ಸಿಕ್ಕೀತೇ ಎಂದು. ಬೆಳಗ್ಗೆ ಅಷ್ಟು ಸಲೀಸಾಗಿ ಹೇಳಿದ್ದ ಪದ ಅದು. ಕೇಳಿ ಕೇಳಿ ಪಾಠ ಬಾಯಿಗೆ ಬಂದಿತ್ತು, ಕಣ್ಣಿಗೆ ಇನ್ನೂ ಬಂದಿರಲಿಲ್ಲ.

ಅಕ್ಕನಿಗೆ ಇದನ್ನು ಹೇಳಿದಾಗ ಅವಳು ಹೆದರಿದಳು. ಆ ರಾತ್ರಿಯೇ ಟ್ಯೂಷನ್ ಮಾತು ಬಂತು, ದಿನಕ್ಕೆ ಎರಡು ಪುಟ ಕಾಪಿ ಬರೆಸುವ ಮಾತು ಬಂತು. ಹೀಗೆ ಹೆದರುವ ತಂದೆತಾಯಿಯರು ಎಷ್ಟೋ ಮಂದಿ. ಅವರಿಗೆ ನಾನು ಮೊದಲು ಹೇಳಬೇಕೆಂದಿರುವುದು ಇಷ್ಟು: ಪುಟ್ಟಿ ಹಿಂದೆ ಬಿದ್ದಿಲ್ಲ. ಕನ್ನಡದ ಓದು ಬೆಳೆಯುವ ದಾರಿಯ ನಡುವೆ ಅವಳಿದ್ದಾಳೆ. ಆ ದಾರಿ ಎಷ್ಟು ಉದ್ದ ಎಂದು ದೊಡ್ಡವರಾದ ನಮಗೆ ಮರೆತುಹೋಗಿದೆ.

ಒಮ್ಮೆ ಲೆಕ್ಕ ಹಾಕಿ ನೋಡಿ. ವರ್ಣಮಾಲೆಯಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49 ಅಕ್ಷರ. ಇದು ಬರೀ ಬಾಗಿಲು. ಒಳಗೆ ಹೋದರೆ ಒಂದೊಂದು ವ್ಯಂಜನಕ್ಕೂ ಕ, ಕಾ, ಕಿ, ಕೀ ಎಂದು ಕಃವರೆಗೆ 15 ರೂಪ. 34ನ್ನು 15ರಿಂದ ಗುಣಿಸಿದರೆ 510. ಅದರ ಮೇಲೆ ಒತ್ತಕ್ಷರಗಳು. ಇಂಗ್ಲಿಷಿನ 26 ಅಕ್ಷರ ಕಲಿತ ಮಗುವಿನ ಪಕ್ಕದಲ್ಲಿ ನಿಲ್ಲಿಸಿ ಕನ್ನಡ ಕಲಿಯುವ ಮಗುವನ್ನು ‘ಇನ್ನೂ ಅಕ್ಷರದಲ್ಲೇ ಇದ್ದೀಯಾ’ ಎಂದು ಕೇಳುವುದು ಅನ್ಯಾಯ. ಇಂಗ್ಲಿಷಿನಲ್ಲಿ ಅಕ್ಷರ ಬೇಗ ಮುಗಿಯುತ್ತದೆ, ಕಾಗುಣಿತದ ಗೋಳು ಬಹುಕಾಲ ಮುಗಿಯುವುದಿಲ್ಲ. ಕನ್ನಡದಲ್ಲಿ ಅಕ್ಷರಕ್ಕೆ ಕಾಲ ಬೇಕು. ಆದರೆ ಒಮ್ಮೆ ಕೈಗೆ ಹತ್ತಿದ ಮೇಲೆ ಹಿಂದೆಂದೂ ನೋಡದ ಪದವನ್ನೂ ಮಗು ಓದಬಲ್ಲದು, ನಮ್ಮ ಬರಹ ಉಚ್ಚಾರಣೆಗೆ ಅಷ್ಟು ಹತ್ತಿರವಾಗಿದೆ.

ಕನ್ನಡ ಮಕ್ಕಳ ಓದನ್ನು ಹತ್ತಿರದಿಂದ ಅಭ್ಯಾಸ ಮಾಡಿದ ಮನೋವಿಜ್ಞಾನಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ಮಾತನ್ನು ಆಧಾರಸಹಿತ ಹೇಳುತ್ತದೆ. ಅಕ್ಷರಗಳ ಪೂರ್ಣ ಪರಿಚಯಕ್ಕೆ ಕನ್ನಡದ ಮಕ್ಕಳು ಮೊದಲ ಒಂದೆರಡು ತರಗತಿಗಳನ್ನು ದಾಟಿ ಮುಂದಕ್ಕೂ ಕಾಲ ತೆಗೆದುಕೊಳ್ಳುತ್ತಾರೆ. ‘ಕಿ’ ಎಂಬುದನ್ನು ಒಂದು ಇಡೀ ಸದ್ದಾಗಿ ಹಿಡಿಯುವುದು ಅವರಿಗೆ ಬೇಗ ಬರುತ್ತದೆ. ಅದರೊಳಗೆ ಒಂದು ‘ಕ್’ ಇದೆ, ಒಂದು ‘ಇ’ ಇದೆ ಎಂದು ಬಿಡಿಸಿ ಕೇಳುವುದು ನಿಧಾನವಾಗಿ ಬರುತ್ತದೆ. ಮನೆಯ ಅಭ್ಯಾಸ ಹೇಗಿರಬೇಕು ಎಂಬುದಕ್ಕೆ ಸುಳಿವು ಇಲ್ಲೇ ಇದೆ. ಕಣ್ಣಿಗೂ ಕೈಗೂ ಕೆಲಸ ಹಚ್ಚುವ ಮೊದಲು ಕಿವಿಗೆ ಕೆಲಸ ಕೊಡಬೇಕು.

ಸರ್ಕಾರಿ ಶಾಲೆಯ ಒಂದನೇ ತರಗತಿಗೆ ಮಗುವನ್ನು ಸೇರಿಸಿದವರಲ್ಲಿ ಹಲವರು ಒಂದು ದೂರು ಹೇಳುತ್ತಾರೆ: ‘ಮೂರು ತಿಂಗಳಾಯ್ತು, ಇನ್ನೂ ಅ ಆ ಇ ಈ ಬರೋದಿಲ್ಲ.’ ಅದಕ್ಕೆ ಕಾರಣವಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯೂನಿಸೆಫ್ ನೆರವಿನಿಂದ, ಆಂಧ್ರದ ರಿಷಿ ವ್ಯಾಲಿಯ ಮಾದರಿ ನೋಡಿಬಂದ ಶಿಕ್ಷಕರು ಆರಂಭಿಸಿದ ‘ನಲಿ-ಕಲಿ’ ಈಗ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಚಿಕ್ಕ ತರಗತಿಗಳ ಕ್ರಮ. ಅದರಲ್ಲಿ ಕಲಿಕೆ ವರ್ಣಮಾಲೆಯ ಸಾಲಿನಿಂದ ಆರಂಭವಾಗುವುದಿಲ್ಲ. ರ, ಗ, ಸ, ದ, ಅ ಎಂದು ಆರಂಭವಾಗುತ್ತದೆ. ಈ ಐದೇ ಅಕ್ಷರ ಬಂದರೆ ಮಗು ಸರ, ದರ, ಅರಸ, ಅಗಸ, ಗರಗಸ ಎಂದು ಅದೇ ವಾರ ಪದ ಓದಬಹುದು. ಅ ಆ ಇ ಈ ಉ ಊ ಇಷ್ಟನ್ನೂ ಬಾಯಿಪಾಠ ಮಾಡಿದ ಮಗುವಿಗೆ ಓದಲು ಏನು ಸಿಕ್ಕೀತು? ಹಾಗಾಗಿ ಶಾಲೆ ಒಂದು ದಾರಿಯಲ್ಲಿ ಹೋಗುವಾಗ ಮನೆ ಇನ್ನೊಂದು ದಾರಿಗೆ ಎಳೆಯಬಾರದು. ಈ ವಾರ ಯಾವ ಅಕ್ಷರ ಕಲಿಸಿದ್ದಾರೆ ಎಂದು ಮೇಷ್ಟ್ರನ್ನೋ ಮಿಸ್ ಅವರನ್ನೋ ಕೇಳಿ. ಆ ಅಕ್ಷರಗಳಿಂದ ಮನೆಯಲ್ಲಿ ಎಷ್ಟು ಪದ ಕಟ್ಟಬಹುದು ಎಂದು ಮಗುವಿನ ಜೊತೆ ಕೂತು ಹುಡುಕಿ. ಹಳೆಯ ಕ್ಯಾಲೆಂಡರಿನ ಹಿಂಬದಿ ಕತ್ತರಿಸಿದರೆ ಅಕ್ಷರದ ಚೀಟಿಗಳಾಗುತ್ತವೆ. ಜೋಡಿಸುವುದು, ಕೆಡಿಸುವುದು, ಮತ್ತೆ ಜೋಡಿಸುವುದು. ಮಗು ಅರ್ಥವಿಲ್ಲದ ಪದ ಕಟ್ಟಿದರೂ ಓದಲು ಬಿಡಿ, ಅದನ್ನು ಓದುವುದೂ ಓದೇ.

ಕಾಗುಣಿತ ಎಂದೊಡನೆ ನಮಗೆ ನೆನಪಾಗುವುದು ರಾಗ ಎಳೆದು ಹೇಳಿದ ತಲೆಕಟ್ಟು, ಇಳಿ, ಗುಡಿಸು, ಗುಡಿಸಿನ ದೀರ್ಘ, ಕೊಂಬು, ಕೊಂಬಿನ ಇಳಿ. ಆ ರಾಗ ಒಳ್ಳೆಯದೇ, ಅದನ್ನು ಬಿಡುವುದು ಬೇಡ. ಆದರೆ ಸಾಲಾಗಿ ಹೇಳುವ ಮಗುವಿಗೆ ನಡುವಿನ ‘ಕೇ’ ಒಂದನ್ನೇ ತೋರಿಸಿದರೆ ಗೊತ್ತಾಗದು. ಅದು ಮೊದಲಿಂದ ಹೇಳಿಕೊಂಡು ಬಂದು ಅಲ್ಲಿಗೆ ತಲುಪುತ್ತದೆ. ಆ ಸಾಲನ್ನು ಒಡೆಯಬೇಕು. ಒಡೆಯಲು ನನಗೆ ಗೊತ್ತಿರುವ ಒಳ್ಳೆಯ ಉಪಾಯ ಜೋಡಿ ಪದ. ಮರ–ಮಾರ, ಬಳೆ–ಬಾಳೆ, ಬಿಡು–ಬೀಡು, ಕೊಡು–ಕೋಡು, ಬೆರೆ–ಬೇರೆ. ಒಂದು ಇಳಿ ಸೇರಿದ್ದೇ ತಡ ಕೈಯ ಬಳೆ ತೋಟದ ಬಾಳೆಯಾಗುತ್ತದೆ. ಮೊದಲು ಬರಹವೇ ಬೇಡ. ನೀವು ಹೇಳಿ, ಮಗು ಕೈ ತೋರಿಸಲಿ ಅಥವಾ ತಟ್ಟೆ ತಟ್ಟಲಿ. ಎರಡು ದಿನ ಕಿವಿಯಿಂದ ಆಡಿದ ಮೇಲೆ ಬರೆದು ತೋರಿಸಿ. ಕಿವಿ ಹಿಡಿದ ವ್ಯತ್ಯಾಸವನ್ನು ಕಣ್ಣು ಬೇಗ ಹಿಡಿಯುತ್ತದೆ. ಲ ಮತ್ತು ಳ ಕೂಡ ಹೀಗೆಯೇ: ಬೆಲೆ–ಬೆಳೆ, ಕಲೆ–ಕಳೆ, ಹಲ್ಲಿ–ಹಳ್ಳಿ.

ಅಕ್ಷರದ ಆಕಾರದಲ್ಲೂ ಮಕ್ಕಳ ಜೊತೆ ಕೂತು ನೋಡುವಂಥ ಸೊಗಸುಗಳಿವೆ. ‘ಕು’ ಬರೆಯುವಾಗ ಕೊಂಬು ಪಕ್ಕಕ್ಕೆ ಏಳುತ್ತದೆ. ‘ವು’, ‘ಪು’ ಬರೆಯುವಾಗ ಕೆಳಕ್ಕೆ ಇಳಿಯುತ್ತದೆ. ಏಕೆಂದು ಮಗುವನ್ನೇ ಕೇಳಿ. ‘ವ’ದ ಪಕ್ಕದಲ್ಲಿ ಕೊಂಬು ಬರೆದು ನೋಡಿದರೆ ಅದು ‘ಮ’ದ ಹಾಗೆ ಕಾಣತೊಡಗುತ್ತದೆ. ಇದನ್ನು ತಾನೇ ಕಂಡುಹಿಡಿದ ಮಗು ಆಮೇಲೆ ವ, ಮ, ಪಗಳ ನಡುವೆ ಎಡವುವುದು ಕಡಿಮೆ.

ಪುಟ್ಟಿ ನಿಂತದ್ದು ‘ಹಳ್ಳಿ’ಯಲ್ಲಿ, ಅಂದರೆ ಒತ್ತಿನಲ್ಲಿ. ಎರಡನೇ ತರಗತಿಯ ಎಷ್ಟೋ ಮಕ್ಕಳು ನಿಲ್ಲುವುದು ಅಲ್ಲೇ. ಬಹುಪಾಲು ಒತ್ತುಗಳು ಮೂಲ ಅಕ್ಷರದ ಚಿಕ್ಕ ರೂಪಗಳು, ತಲೆಕಟ್ಟು ತೆಗೆದು ಕೆಳಗೆ ಕೂರಿಸಿದಂತೆ. ಅಕ್ಕ, ಹಗ್ಗ, ಅಪ್ಪ, ಹಬ್ಬ, ಹಳ್ಳ ಇವು ಒಂದು ಗುಂಪು. ಆಕಾರವನ್ನೇ ಬದಲಿಸಿಕೊಳ್ಳುವವು ಆರು: ತ, ನ, ಮ, ಯ, ರ, ಲ. ಅತ್ತೆ, ಅನ್ನ, ಅಮ್ಮ, ಅಯ್ಯ, ಚಕ್ರ, ಬೆಲ್ಲ. ಈ ಆರನ್ನು ಬೇರೆಯಾಗಿ, ಅಡುಗೆಮನೆಯ ಗೋಡೆಗೆ ಒಂದೊಂದು ವಾರ ಒಂದೊಂದರಂತೆ ಅಂಟಿಸಿಡಿ. ಮೊದಲು ಸದ್ದು ಕೇಳಿಸಬೇಕು: ಕತೆ–ಕತ್ತೆ, ಎಲೆ–ಎಲ್ಲೆ, ಬಳಿ–ಬಳ್ಳಿ. ‘ಕತ್ತೆ’ ಎನ್ನುವಾಗ ನಾಲಿಗೆ ಹಲ್ಲಿನ ಹಿಂದೆ ಒಂದು ಗಳಿಗೆ ನಿಲ್ಲುತ್ತದೆ. ಮಗು ಅದನ್ನು ತನ್ನ ಬಾಯಲ್ಲೇ ಅನುಭವಿಸಲಿ. ಆ ನಿಲುಗಡೆಯ ಗುರುತೇ ಒತ್ತು ಎಂದು ತಿಳಿದ ಮೇಲೆ ಅದು ಭಯಪಡಿಸುವ ಬಾಲವಲ್ಲ. ಅರ್ಕಾವತ್ತಿಗೆ ಮಾತ್ರ ಹೆಚ್ಚು ತಾಳ್ಮೆ ಬೇಕು. ‘ಕರ್ಣ’ ಎನ್ನುವಾಗ ರ ಸದ್ದು ಮೊದಲು ಬರುತ್ತದೆ, ಬರಹದಲ್ಲಿ ಅದರ ಗುರುತು ಕೊನೆಗೆ ಕೂರುತ್ತದೆ. ಕಣ್ಣು ಮುಂದೆ ಹೋಗಿ ಹಿಂದೆ ಬರಬೇಕು. ಮೂರು, ನಾಲ್ಕನೇ ತರಗತಿಯ ಮಗು ಇಲ್ಲಿ ತಪ್ಪಿದರೆ ಅದು ಮಗುವಿನ ದಡ್ಡತನವಲ್ಲ, ಲಿಪಿಯ ತಿರುವು.

ನಮ್ಮ ಕಡೆ ಇನ್ನೊಂದು ನೋವಿನ ವಿಷಯವಿದೆ, ಅ ಮತ್ತು ಹ. ಹಾಲು ಆಲಾಗುತ್ತದೆ, ಹಕ್ಕಿ ಅಕ್ಕಿಯಾಗುತ್ತದೆ, ಕೆಲವೊಮ್ಮೆ ಅಕ್ಕಿಯೇ ಹಕ್ಕಿಯಾಗುತ್ತದೆ. ಇದಕ್ಕಾಗಿ ಮಕ್ಕಳನ್ನು ಎಲ್ಲರೆದುರು ನಗೆಪಾಟಲು ಮಾಡಿದ್ದನ್ನು ನಾನು ಕಂಡಿದ್ದೇನೆ. ಹಾಗೆ ಒಮ್ಮೆ ನಗಿಸಿಕೊಂಡ ಮಗು ಬಾಯಿ ಬಿಡುವುದನ್ನೇ ನಿಲ್ಲಿಸುತ್ತದೆ. ಮನೆಯ ಮಾತು ತಪ್ಪಲ್ಲ. ತಾಯಿಯ ಬಾಯಿಂದ, ಅಜ್ಜಿಯ ಬಾಯಿಂದ ಬಂದ ನುಡಿ ಅದು. ‘ನಾವು ಮನೇಲಿ ಆಲು ಅಂತೀವಿ, ಪುಸ್ತಕ ಹಾಲು ಅಂತ ಬರೆಯುತ್ತೆ, ಎರಡೂ ಅದೇ ಹಾಲೇ’ ಎಂದರೆ ಸಾಕು. ಅಂಗೈಯನ್ನು ಬಾಯ ಮುಂದೆ ಹಿಡಿದು ‘ಹಾಡು’, ‘ಆಡು’ ಎಂದು ಹೇಳಿಸಿ. ಮೊದಲನೆಯದರಲ್ಲಿ ಬಿಸಿ ಉಸಿರು ಅಂಗೈಗೆ ತಗಲುತ್ತದೆ. ಮಹಾಪ್ರಾಣಕ್ಕೂ ಇದೇ ಉಪಾಯ: ದನ, ಧನ. ಉತ್ತರ ಕರ್ನಾಟಕದ ಮಗು ‘ಮನಿ’ ಎಂದು ಬರೆದರೆ, ಕರಾವಳಿಯ ಮಗುವಿನ ವಾಕ್ಯದಲ್ಲಿ ತುಳುವಿನ ಓಟ ಕಂಡರೆ, ಅಲ್ಲಿಯೂ ಹೇಳಬೇಕಾದ ಮಾತು ಇದೇ. ಉರ್ದು, ಲಂಬಾಣಿ, ಕೊಂಕಣಿ, ತೆಲುಗು ಆಡುವ ಮನೆಗಳು ಕನ್ನಡ ಕಲಿಕೆಗಾಗಿ ತಮ್ಮ ಮಾತು ಬಿಡಬೇಕಾಗಿಲ್ಲ. ಯಾವ ಭಾಷೆಯಲ್ಲಾದರೂ ಕತೆ ಕೇಳಿ ಬೆಳೆದ ಮಗುವಿಗೆ, ಮೊದಲು ಏನಾಯಿತು, ಆಮೇಲೆ ಏನಾಯಿತು, ಯಾಕಾಯಿತು ಎಂಬ ಕಟ್ಟು ಗೊತ್ತಿರುತ್ತದೆ. ಆ ಕಟ್ಟಿನ ಮೇಲೆಯೇ ಓದಿದ್ದು ಅರ್ಥವಾಗುವುದು.

ನನ್ನ ಮುಖ್ಯ ಮಾತು ಇಲ್ಲಿದೆ. ಅಕ್ಷರ ಕಲಿಸುವುದು ಶಾಲೆಯ ಕೆಲಸ, ಮನೆ ಅದಕ್ಕೆ ಕೈ ಜೋಡಿಸಬಹುದು. ಆದರೆ ಅಕ್ಷರದ ಒಳಗೆ ತುಂಬಬೇಕಾದ ಮಾತನ್ನು ಮನೆಯಷ್ಟು ಚೆನ್ನಾಗಿ ಯಾರೂ ಕೊಡಲಾರರು. ‘ಕಣಜ’ ಎಂಬ ಪದವನ್ನು ತಪ್ಪಿಲ್ಲದೆ ಓದಿದ ಮಗುವಿಗೆ ಕಣಜವೆಂದರೇನು ಗೊತ್ತಿಲ್ಲದಿದ್ದರೆ ಅದು ಓದಿದ್ದು ಮೂರು ಅಕ್ಷರ, ಅಷ್ಟೇ. ದಿನದ ಮಾತು ‘ಊಟ ಮಾಡು, ಹೋಮ್‌ವರ್ಕ್ ಮಾಡು, ಟಿವಿ ಆರಿಸು’ ಇಷ್ಟಕ್ಕೇ ನಿಂತ ಮನೆಯಲ್ಲಿ ಮಗುವಿನ ಪದಗಳು ಬೆಳೆಯುವುದೆಂತು? ಸೊಪ್ಪು ಬಿಡಿಸುವಾಗ, ಬಟ್ಟೆ ಒಣಹಾಕುವಾಗ, ಸಂತೆಗೆ ನಡೆಯುವಾಗ ಮಾತಾಡಬೇಕು. ‘ಇವತ್ತು ಶಾಲೇಲಿ ಏನು ಹೇಳ್ಕೊಟ್ರು?’ ಎಂಬ ಪ್ರಶ್ನೆಗೆ ಎಲ್ಲ ಮಕ್ಕಳ ಉತ್ತರವೂ ‘ಏನಿಲ್ಲ’. ‘ಇವತ್ತು ಯಾರು ಅತ್ರು? ಯಾಕೆ?’ ಎಂದು ಕೇಳಿ ನೋಡಿ, ಐದು ನಿಮಿಷ ಕತೆ ಬರುತ್ತದೆ.

ಶಿಕ್ಷಣತಜ್ಞ ಗಿಜುಭಾಯಿ ಬಧೇಕಾ ಅವರ ‘ದಿವಾಸ್ವಪ್ನ’ ಪುಸ್ತಕದ ಮೇಷ್ಟ್ರು ಗದ್ದಲದ ತರಗತಿಯನ್ನು ಹಿಡಿದದ್ದು ಕತೆಯಿಂದ. ನಮ್ಮಲ್ಲಿ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದ ಪಂಜೆ ಮಂಗೇಶರಾಯರು (1874–1937) ಮಕ್ಕಳಿಗಾಗಿ ಕತೆ, ಪದ್ಯ ಬರೆಯಲು ಕೂತದ್ದೂ ತರಗತಿಗಳನ್ನು ಕಣ್ಣಾರೆ ಕಂಡವರಾಗಿಯೇ. ಕುವೆಂಪು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಕೊಟ್ಟರು, ಜಿ.ಪಿ. ರಾಜರತ್ನಂ ಶಿಶುಗೀತೆಗಳನ್ನು ಕೊಟ್ಟರು. ಇವನ್ನು ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಮಗುವಿಗೆ ಓದಲು ಬಂದ ಮೇಲೂ ನಿಲ್ಲಿಸಬಾರದು. ಮೂರನೇ ತರಗತಿಯ ಮಗುವಿನ ಕಿವಿ ಅರ್ಥಮಾಡಿಕೊಳ್ಳುವ ಕತೆ ಅದರ ಕಣ್ಣು ಓದಬಲ್ಲ ಕತೆಗಿಂತ ತುಂಬ ದೊಡ್ಡದು. ಕಣ್ಣು ಅಲ್ಲಿಗೆ ಬಂದು ಸೇರುವವರೆಗೆ ನಮ್ಮ ದನಿ ಸೇತುವೆಯಾಗಿರಲಿ.

ಪುಸ್ತಕ ಎಲ್ಲಿಂದ ತರುವುದು? ಪಠ್ಯಪುಸ್ತಕದ ಆಚೆ ಒಂದೂ ಪುಸ್ತಕವಿಲ್ಲದ ಮನೆಗಳೇ ಹೆಚ್ಚು. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಎಷ್ಟೋ ಊರುಗಳಲ್ಲಿ ಬಾಗಿಲು ತೆರೆದಿದೆ, ಒಳಗೆ ಹೋಗುವ ಮಗುವಿಲ್ಲ. ವಾರಕ್ಕೊಮ್ಮೆ ಕೈಹಿಡಿದು ಕರೆದೊಯ್ಯಿರಿ. ಮೊಬೈಲ್ ಇದ್ದವರಿಗೆ ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಿಂದ ನಡೆಸುತ್ತಿರುವ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕತೆಗಳು ಉಚಿತವಾಗಿ ಸಿಗುತ್ತವೆ. ಓದಿನ ನಾಲ್ಕು ಹಂತಗಳಾಗಿ ವಿಂಗಡಿಸಿದ್ದಾರೆ, ಎರಡನೇ ತರಗತಿಯ ಮಗುವಿಗೆ ಮೊದಲ ಹಂತದಿಂದಲೇ ಆರಂಭಿಸಿದರೆ ಅವಮಾನವೇನಿಲ್ಲ. ಇವು ಯಾವುವೂ ಇಲ್ಲದಿದ್ದರೂ ಊರಿನ ತುಂಬ ಅಕ್ಷರವಿದೆ. ನಂದಿನಿ ಹಾಲಿನ ಪ್ಯಾಕೆಟ್, ಬಸ್ಸಿನ ಬೋರ್ಡು, ನ್ಯಾಯಬೆಲೆ ಅಂಗಡಿಯ ಹಲಗೆ, ಮದುವೆಯ ಆಮಂತ್ರಣ ಪತ್ರಿಕೆ. ಬಸ್ ನಿಲ್ದಾಣದಲ್ಲಿ ಕಾಯುವ ಕಾಲು ಗಂಟೆಯಲ್ಲಿ ‘ನಮ್ಮೂರ ಬಸ್ ಬಂದ್ರೆ ನೀನೇ ಹೇಳ್ಬೇಕು’ ಎಂದು ಮಗುವಿಗೆ ಹೊಣೆ ಒಪ್ಪಿಸಿ. ಆಗ ಓದು ಪರೀಕ್ಷೆಯಲ್ಲ, ಮನೆ ಮುಟ್ಟುವ ದಾರಿ.

ಮಗು ಓದುವಾಗ ಪಕ್ಕದಲ್ಲಿ ಕೂರುವವರಿಗೆ ಒಂದು ವಿನಂತಿ. ತಡೆದಾಗ ಕೂಡಲೇ ಹೇಳಿಕೊಡಬೇಡಿ. ಮನಸ್ಸಿನಲ್ಲಿ ಐದು ಎಣಿಸಿ. ಬಹಳಷ್ಟು ಸಲ ಮೂರು, ನಾಲ್ಕರ ಹೊತ್ತಿಗೆ ಮಗು ತಾನೇ ಹೇಳುತ್ತದೆ. ಹೇಳದಿದ್ದರೆ ನೀವು ಹೇಳಿ ಮುಂದೆ ಸಾಗಿ, ಕತೆ ನಿಲ್ಲಬಾರದು. ಅರ್ಥ ಕೆಡದ ಚಿಕ್ಕ ತಪ್ಪನ್ನು ಬಿಟ್ಟುಬಿಡಿ. ವೇಗದ ಚಿಂತೆಯೂ ಬೇಡ. 2021ರಲ್ಲಿ ಆರಂಭವಾದ ಕೇಂದ್ರದ ನಿಪುಣ್ ಭಾರತ್ ಯೋಜನೆ ಮೂರನೇ ತರಗತಿಯ ಕೊನೆಗೆ ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥಸಹಿತ ಓದುವ ಗುರಿ ಇಟ್ಟಿದೆ. ಆದರೆ ‘ಮನೆಯಲ್ಲಿರುವುದರಿಂದ’ ಎಂಬುದು ಕನ್ನಡದಲ್ಲಿ ಒಂದೇ ಪದ. ಅದನ್ನೇ ಇಂಗ್ಲಿಷಿನಲ್ಲಿ ಹೇಳಲು ನಾಲ್ಕೈದು ಪದ ಬೇಕು. ಗಡಿಯಾರ ಹಿಡಿದು ಪದ ಎಣಿಸುವ ತಂದೆತಾಯಿಯರು ಇದನ್ನು ನೆನಪಿಡಬೇಕು. ಗುರಿಯಲ್ಲಿ ‘ಅರ್ಥಸಹಿತ’ ಎಂದಿರುವುದನ್ನೂ ಮರೆಯಬಾರದು.

ಓದಿನಲ್ಲಿ ಮಗು ಎಲ್ಲಿದೆ ಎಂದು ತಿಳಿಯಬೇಕೆನಿಸಿದರೆ 2005ರಿಂದ ನಡೆಯುತ್ತಿರುವ ಅಸರ್ ಸಮೀಕ್ಷೆಯ ಸರಳ ಕ್ರಮ ಮನೆಗೂ ಸಾಕು: ಬಿಡಿ ಅಕ್ಷರ, ಸರಳ ಪದ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಪುಟ್ಟ ಕತೆ. ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಅಭ್ಯಾಸ ಆರಂಭ. ಮೂರನೇ ತರಗತಿ ಮುಗಿಯುತ್ತ ಬಂದರೂ ಬಿಡಿ ಅಕ್ಷರದಲ್ಲೇ ಮಗು ಒದ್ದಾಡುತ್ತಿದ್ದರೆ ಬೈಯುವುದನ್ನು ಬಿಟ್ಟು ಮೊದಲು ಕಣ್ಣು, ಕಿವಿ ತೋರಿಸಿ. ಆಮೇಲೆ ಮೇಷ್ಟ್ರ ಜೊತೆ ಕೂತು ಮಾತಾಡಿ. ಕಲಿಕೆಯ ನಿರ್ದಿಷ್ಟ ತೊಡಕನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಗುರುತಿಸಿದೆ, ಅಂಥ ಮಕ್ಕಳಿಗೆ ಬೇರೆ ರೀತಿಯ ನೆರವು ಸಿಗಬೇಕು, ಸಿಗುತ್ತದೆ.

ಇನ್ನು ಬರವಣಿಗೆ. ತಪ್ಪಾದ ಪದವನ್ನು ಹತ್ತು ಸಲ ಬರೆಸುವುದು ನಮ್ಮ ಮನೆಗಳ ಹಳೆಯ ಮದ್ದು. ನಾಲ್ಕನೇ ಸಲದ ಹೊತ್ತಿಗೆ ಮಗು ಪದ ಬರೆಯುತ್ತಿರುವುದಿಲ್ಲ, ಮೊದಲು ‘ಹ’ಗಳನ್ನೆಲ್ಲ ಮೇಲಿಂದ ಕೆಳಕ್ಕೆ, ಆಮೇಲೆ ‘ಳ’ಗಳನ್ನೆಲ್ಲ ಮೇಲಿಂದ ಕೆಳಕ್ಕೆ ತುಂಬುತ್ತಿರುತ್ತದೆ. ಕೈ ನೋಯುತ್ತದೆ, ತಲೆಗೆ ಏನೂ ಇಳಿಯುವುದಿಲ್ಲ. 2020ರ ಶಾಲಾ ಚೀಲ ನೀತಿ ಎರಡನೇ ತರಗತಿಯವರೆಗೆ ಮನೆಗೆಲಸವೇ ಬೇಡ, ಮೂರರಿಂದ ಐದನೇ ತರಗತಿಯವರಿಗೆ ವಾರಕ್ಕೆ ಎರಡು ಗಂಟೆ ಸಾಕು ಎಂದು ಹೇಳಿದೆ. ನಾನು ಅದನ್ನು ಮನಃಪೂರ್ವಕ ಒಪ್ಪುತ್ತೇನೆ. ಉಳಿದ ಹೊತ್ತಿನಲ್ಲಿ ಮಗುವಿಗೆ ಬರೆಯಲು ಕಾರಣ ಕೊಡಿ. ದಿನಸಿ ಅಂಗಡಿಯ ಚೀಟಿ ಬರೆಯುವುದು ಅದರ ಕೆಲಸವಾಗಲಿ. ಡಬ್ಬಿಗಳ ಮೇಲೆ ತೊಗರಿಬೇಳೆ, ಕಡಲೆಬೇಳೆ, ರವೆ ಎಂದು ಹೆಸರು ಅಂಟಿಸಲಿ. ಊರಿನ ತಾತನಿಗೆ ಕಾಗದ ಬರೆಯಲಿ. ತಪ್ಪಿರುತ್ತದೆ, ಇರಲಿ. ಅಂಗಡಿಯವರು ಕೇಳಿದ್ದನ್ನೇ ಕೊಟ್ಟರೆ ಚೀಟಿ ಗೆದ್ದಂತೆ. ತಿದ್ದಬೇಕೆನಿಸಿದರೆ ಒಂದು ದಿನಕ್ಕೆ ಒಂದೇ ಬಗೆಯ ತಪ್ಪನ್ನು ಎತ್ತಿಕೊಳ್ಳಿ, ಇವತ್ತು ದೀರ್ಘ, ಇನ್ನೊಂದು ದಿನ ಒತ್ತು. ಕೆಂಪು ಶಾಯಿ ಮನೆಯೊಳಗೆ ಬೇಡವೇ ಬೇಡ.

ಅಕ್ಕನ ಅತ್ತೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮೊಮ್ಮಗಳ ಓದಿನ ಮಾತು ಬಂದಾಗಲೆಲ್ಲ ‘ನಂಗೇನು ಗೊತ್ತಾಯ್ತದೆ’ ಎಂದು ಎದ್ದು ಹೋಗುತ್ತಿದ್ದರು. ರಜೆ ಮುಗಿಯುವ ಎರಡು ದಿನ ಮೊದಲು ನಾನು ಪುಟ್ಟಿಗೆ ಒಂದು ನೋಟ್‌ಬುಕ್ ಕೊಟ್ಟು, ‘ಅಜ್ಜಿ ಮಾಡೋ ಹುರುಳಿಕಾಳಿನ ಬಸ್ಸಾರು ನಂಗೆ ಬರಲ್ಲ, ಕೇಳಿ ಬರ್ಕೊಡ್ತೀಯಾ?’ ಎಂದೆ. ಅಜ್ಜಿ ಹೇಳುತ್ತ ಹೋದರು, ಇವಳು ಬರೆಯುತ್ತ ಹೋದಳು. ನಡುನಡುವೆ ‘ಅಜ್ಜಿ, ಮೆಲ್ಲಗೆ’ ಎನ್ನುತ್ತಿದ್ದಳು. ಕಾಳು ಬೇಯಿಸಿ ಕಟ್ಟು ಬಸಿಯುವುದು, ಈರುಳ್ಳಿ, ಬೆಳ್ಳುಳ್ಳಿ ಕೆಂಡದಲ್ಲಿ ಸುಡುವುದು, ಜೀರಿಗೆ, ಮೆಣಸು, ಕಾಯಿ, ಹುಣಸೆಹಣ್ಣು ಸೇರಿಸಿ ರುಬ್ಬುವುದು. ‘ಬೆಳ್ಳುಳ್ಳಿ’ಯ ಹತ್ತಿರ ಬಂದಾಗ ಪೆನ್ಸಿಲ್ ನಿಂತಿತು. ಪದವನ್ನು ಬಾಯಲ್ಲಿ ಎರಡು ಸಲ ಹೇಳಿಕೊಂಡು, ನಾಲಿಗೆ ಎಲ್ಲಿ ನಿಲ್ಲುತ್ತದೆ ನೋಡಿಕೊಂಡು, ಎರಡು ಒತ್ತನ್ನೂ ಹಾಕಿದಳು. ಅರ್ಧ ಪುಟಕ್ಕೆ ಮುಕ್ಕಾಲು ಗಂಟೆ ಹಿಡಿಯಿತು.

‘ಈಗ ಓದವ್ವ, ಕೇಳ್ತೀನಿ’ ಎಂದರು ಅಜ್ಜಿ. ಪುಟ್ಟಿ ಬೆರಳಿಟ್ಟು ಓದಿದಳು. ನಿಧಾನವಾಗಿ, ನಿಂತು ನಿಂತು. ಬೆರಳೂ ಬಾಯಿಯೂ ಒಂದೇ ಪದದ ಮೇಲಿದ್ದವು. ಅಜ್ಜಿ ಕಣ್ಣು ಮುಚ್ಚಿ ಕೇಳುತ್ತಿದ್ದವರು ಕೊನೆಯಲ್ಲಿ ಕಣ್ಣು ಬಿಟ್ಟು ಕೇಳಿದರು:

‘ಉಪ್ಪೇ ಆಕಿಲ್ವಲ್ಲ ಮಗಾ?’

ಪುಟ್ಟಿ ಪುಟವನ್ನು ಇನ್ನೊಮ್ಮೆ ಮೇಲಿನಿಂದ ಕೆಳಗಿನವರೆಗೂ ಹುಡುಕಿದಳು. ಆಮೇಲೆ ಪೆನ್ಸಿಲ್ ಎತ್ತಿಕೊಂಡು, ಎರಡು ಸಾಲುಗಳ ನಡುವಿನ ಇಕ್ಕಟ್ಟಿನ ಜಾಗದಲ್ಲಿ, ನಾಲಿಗೆ ಕಚ್ಚಿಕೊಂಡು ಬರೆದಳು: ಉಪ್ಪು ಹಾಕು.